ದ್ಯೂತವಲ್ಲ, ಇದು ವ್ಯೂಹ: ಚೆನ್ನೆಮಣೆಯಿಂದ ಕಂಪ್ಯೂಟರ್ ಪರದೆಯವರೆಗೆ ತಂತ್ರದಾಟದ ಸವಿ

ರವಿವಾರದ ಬೆಳಿಗ್ಗೆ. ಮುಂಬಯಿ ಉಪನಗರದ ಒಂದು ಫ್ಲ್ಯಾಟು. ಅಡುಗೆಮನೆಯಲ್ಲಿ ನೀರುದೋಸೆ ಏಳುತ್ತಿದೆ. ಪತ್ರಿಕೆ ಓದಿ ಮುಗಿಸಿದ ಅಜ್ಜ ಕನ್ನಡಕ ತೆಗೆದಿಟ್ಟು ಮೂಲೆಯತ್ತ ನೋಡುತ್ತಾರೆ. ಅಲ್ಲಿ ಹತ್ತನೇ ತರಗತಿಯ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತು ಒಂದು ಗಂಟೆಯಾಯಿತು. ಕರೆದರೆ ಓಗೊಡುವುದಿಲ್ಲ.

"ಇಡೀ ದಿನ ಅದೇ ಹೊಡಿ-ಬಡಿ. ಅದರಲ್ಲಿ ಅಂಥಾದ್ದು ಏನುಂಟು ಮಾರಾಯಾ?" ಎಂದು ಅಜ್ಜ ಗೊಣಗುತ್ತಾರೆ.

"ಹೊಡಿ-ಬಡಿ ಅಲ್ಲ ಅಜ್ಜ. ನನ್ನ ಊರಿನಲ್ಲಿ ಈಗ ಮರ ಮುಗಿದಿದೆ. ಮರ ಇಲ್ಲದೆ ಗದ್ದೆ ಮಾಡಲಿಕ್ಕೆ ಆಗುವುದಿಲ್ಲ. ಗದ್ದೆ ಇಲ್ಲದಿದ್ದರೆ ಜನರಿಗೆ ಊಟ ಇಲ್ಲ. ಸ್ವಲ್ಪ ನಿಲ್ಲಿ" ಎನ್ನುತ್ತಾನೆ ಹುಡುಗ, ಪರದೆಯಿಂದ ಕಣ್ಣು ತೆಗೆಯದೆ.

ಈ ಚಿತ್ರ ಯಾವುದೋ ಒಂದು ನಿರ್ದಿಷ್ಟ ಮನೆಯದ್ದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎಲ್ಲೇ ಇರಲಿ, ಹೊರನಾಡ ಕನ್ನಡಿಗರ ಅನೇಕ ಮನೆಗಳಲ್ಲಿ ಇಂತಹ ಮಾತುಕತೆ ನಡೆಯುತ್ತಲೇ ಇರುತ್ತದೆ. ಹಿರಿಯರ ಪಾಲಿಗೆ ಕಂಪ್ಯೂಟರ್ ಆಟವೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು, ಸಮಯ ಹಾಳುಮಾಡುವುದು. ಆದರೆ ಆ ಹುಡುಗ ಹೇಳಿದ ಮಾತಿನಲ್ಲಿ ಗುಂಡೂ ಇಲ್ಲ, ಕಾರೂ ಇಲ್ಲ. ಅಲ್ಲಿರುವುದು ಮರ, ಗದ್ದೆ, ಊಟ. ತಂತ್ರಗಾರಿಕೆಯ ಆಟಗಳು, ಅಂದರೆ ಸ್ಟ್ರಾಟಜಿ ಗೇಮ್‌ಗಳು ಎಂದು ಕರೆಯಲ್ಪಡುವ ಈ ಪ್ರಕಾರದ ಸವಿಯೇ ಬೇರೆ. ಆ ಸವಿ ಏನೆಂಬುದನ್ನು ತಿಳಿದುಕೊಂಡರೆ ಮನೆಯೊಳಗಿನ ಅರ್ಧ ಜಗಳ ಕಡಿಮೆಯಾದೀತು ಎಂದರೆ ತಪ್ಪಾಗಲಾರದು.

ಊರು ಕಟ್ಟುವ ಆಟ

ಈ ಪ್ರಕಾರದಲ್ಲಿ ಬಹಳ ಮಂದಿಗೆ ಪರಿಚಿತವಾದ ಹೆಸರು 'ಏಜ್ ಆಫ್ ಎಂಪೈರ್ಸ್'. ಅಮೆರಿಕಾದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿದ್ದ ಎನ್‌ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ಇದನ್ನು ತಯಾರಿಸಿತು, ಮೈಕ್ರೋಸಾಫ್ಟ್ ಪ್ರಕಟಿಸಿತು. ಮೊದಲ ಭಾಗ 1997ರಲ್ಲಿ ಬಂತು. 1999ರಲ್ಲಿ ಬಂದ ಎರಡನೇ ಭಾಗ 'ದಿ ಏಜ್ ಆಫ್ ಕಿಂಗ್ಸ್' ಅದಕ್ಕಿಂತಲೂ ಹೆಚ್ಚು ಜನಪ್ರಿಯವಾಯಿತು. 2000ದ ದಶಕದಲ್ಲಿ ನಮ್ಮ ನಗರಗಳ ಸೈಬರ್ ಕೆಫೆಗಳಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲುಗಳಲ್ಲಿ ನಾಲ್ಕಾರು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ, ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಈ ಆಟ ಆಡಿದವರು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಕೆಲವರು ಈಗ ಸಂಘ ಸಂಸ್ಥೆಗಳ ಪದಾಧಿಕಾರಿಗಳಾಗಿದ್ದರೂ ಆಶ್ಚರ್ಯವಿಲ್ಲ. ಆಟ ತಯಾರಿಸಿದ ಸಂಸ್ಥೆ 2009ರಲ್ಲಿ ಮುಚ್ಚಿತು. ಆಟ ಮಾತ್ರ ಮುಚ್ಚಲಿಲ್ಲ. 2019ರ ನವೆಂಬರಿನಲ್ಲಿ ಹೊಸ ಚಿತ್ರಗಳೊಂದಿಗೆ ಮರುರೂಪ ಪಡೆದು, ತಂದೆ ಆಡಿದ ಆಟವನ್ನು ಮಗ ಆಡುವಂತಾಯಿತು.

ಆಟದ ಆರಂಭ ಬಹಳ ಸರಳ. ಒಂದು ಪೇಟೆಮನೆ, ಮೂವರು ಹಳ್ಳಿಗರು, ಸುತ್ತಮುತ್ತ ನೋಡಿಕೊಂಡು ಬರಲು ಒಬ್ಬ ಕುದುರೆ ಸವಾರ. ಅಷ್ಟೇ ಬಂಡವಾಳ. ಸುತ್ತಲಿನ ನೆಲವೆಲ್ಲ ಕಪ್ಪು ಕತ್ತಲೆ. ಸವಾರ ಹೋದಂತೆಲ್ಲ ಕತ್ತಲೆ ಸರಿದು ಕಾಡು, ಕೆರೆ, ಚಿನ್ನದ ಗಣಿ, ಕಲ್ಲಿನ ಕೋರೆ, ಕುರಿಗಳ ಹಿಂಡು ಕಾಣತೊಡಗುತ್ತವೆ. ಆಹಾರ, ಮರ, ಚಿನ್ನ, ಕಲ್ಲು ಈ ನಾಲ್ಕೇ ಸಂಪತ್ತುಗಳು. ಒಬ್ಬ ಹೊಸ ಹಳ್ಳಿಗ ಬೇಕಾದರೆ 50 ಪಾಲು ಆಹಾರ ಖರ್ಚು. ಇಡೀ ಊರು ಮುಂದಿನ ಯುಗಕ್ಕೆ ಏರಬೇಕಾದರೆ 500 ಪಾಲು ಆಹಾರ ಒಟ್ಟು ಮಾಡಬೇಕು. ಸಾಮಾನ್ಯವಾಗಿ ಒಬ್ಬ ಆಟಗಾರನ ಜನಸಂಖ್ಯೆಯ ಮಿತಿ 200.

ಇಲ್ಲಿಯೇ ಆಟದ ಮೊದಲ ಪ್ರಶ್ನೆ ಎದುರಾಗುತ್ತದೆ. ಕೈಯಲ್ಲಿರುವ ಆಹಾರದಿಂದ ಇನ್ನಷ್ಟು ಹಳ್ಳಿಗರನ್ನು ಮಾಡಬೇಕೋ, ಮುಂದಿನ ಯುಗಕ್ಕಾಗಿ ಕೂಡಿಡಬೇಕೋ, ಅಥವಾ ಎದುರಾಳಿ ಬರುವ ಮೊದಲೇ ನಾಲ್ಕು ಸೈನಿಕರನ್ನು ನಿಲ್ಲಿಸಬೇಕೋ? ಮೂರೂ ಬೇಕು, ಮೂರಕ್ಕೂ ಸಾಲದು. ಸಾಲದು ಎಂಬ ಈ ಕೊರತೆಯೇ ತಂತ್ರದಾಟದ ಜೀವಾಳ. ಬೇಕಾದದ್ದೆಲ್ಲ ಕೈಗೆಟಕುವಂತಿದ್ದರೆ ಅಲ್ಲಿ ಯೋಚನೆಗೆ ಕೆಲಸವಿಲ್ಲ. ಕಡಿಮೆಯಲ್ಲಿ ಹೆಚ್ಚು ಮಾಡಿದಾಗ ಸಿಗುವ ತೃಪ್ತಿ ಮಾತ್ರ ಬೇರೆಲ್ಲೂ ಸಿಗದು.

ಹೊಟೇಲು ನಡೆಸಿದವರಿಗೆ ಹೊಸತಲ್ಲ

ಮುಂಬಯಿಯ ತುಳು-ಕನ್ನಡಿಗರಿಗೆ ಈ ಲೆಕ್ಕಾಚಾರವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಸ್ವಂತ ಹೊಟೇಲು ತೆರೆದ ಹಿರಿಯರ ಬದುಕೇ ಒಂದು ದೊಡ್ಡ ತಂತ್ರದಾಟವಾಗಿತ್ತು. ರಾತ್ರಿಯೇ ಹಿಟ್ಟು ರುಬ್ಬದಿದ್ದರೆ ಬೆಳಿಗ್ಗೆ ಇಡ್ಲಿ ಇಲ್ಲ. ಬೆಳಗಿನ ಜನಸಂದಣಿಯ ಹೊತ್ತಿಗೆ ಇಬ್ಬರು ಮಾಣಿಗಳು ಸುಮ್ಮನೆ ನಿಂತಿದ್ದರೆ ಅದು ನೇರ ನಷ್ಟ. ಗಲ್ಲಾದಲ್ಲಿ ಹಣವಿದೆ ಎಂದು ಒಮ್ಮೆಗೇ ಎರಡನೇ ಶಾಖೆ ತೆರೆದರೆ ಮೊದಲನೆಯದೂ ಮುಳುಗೀತು. ಹಾಗೆಂದು ತೆರೆಯದೆ ಕುಳಿತರೆ ಪಕ್ಕದವನು ತೆರೆದಾನು.

ಆಟದಲ್ಲಿಯೂ ಹೀಗೆಯೇ. ಕೆಲಸವಿಲ್ಲದೆ ನಿಂತಿರುವ ಹಳ್ಳಿಗನನ್ನು ಹುಡುಕಿಕೊಡಲು ಪರದೆಯ ಮೇಲೆ ಪ್ರತ್ಯೇಕ ಗುಂಡಿಯೇ ಇದೆ. ಪಳಗಿದ ಆಟಗಾರ ಪೇಟೆಮನೆಯನ್ನು ಒಂದು ನಿಮಿಷವೂ ಸುಮ್ಮನಿರಲು ಬಿಡುವುದಿಲ್ಲ. ಹಳ್ಳಿಗರು ಒಬ್ಬರ ಹಿಂದೊಬ್ಬರು ಹುಟ್ಟುತ್ತಲೇ ಇರಬೇಕು, ಅವರಿಗೆ ಬೇಕಾದ ಮನೆ ಮೊದಲೇ ಸಿದ್ಧವಿರಬೇಕು. ಮನೆ ಕಟ್ಟಲು ಮರೆತರೆ ಊರು ಬೆಳೆಯುವುದೇ ನಿಲ್ಲುತ್ತದೆ. ಗದ್ದೆಯ ಫಸಲು ಮುಗಿದ ಮೇಲೆ ಮತ್ತೆ ಬಿತ್ತಬೇಕು, ಅದಕ್ಕೆ ಮತ್ತೆ ಮರ ಬೇಕು.

ಕಾಡುಹಂದಿ ಬೇಟೆಯಂತೂ ಒಂದು ಸಣ್ಣ ನಾಟಕ. ಹಂದಿಯಿಂದ ಬಹಳ ಆಹಾರ ಸಿಗುತ್ತದೆ, ಆದರೆ ಒಬ್ಬನೇ ಹೋದರೆ ಹಂದಿಯೇ ಅವನನ್ನು ಕೊಲ್ಲುತ್ತದೆ. ಆದ್ದರಿಂದ ಒಬ್ಬ ಹಳ್ಳಿಗ ಹೋಗಿ ಬಾಣ ಬಿಟ್ಟು, ಅಟ್ಟಿಸಿಕೊಂಡು ಬರುವ ಹಂದಿಯನ್ನು ಪೇಟೆಮನೆಯವರೆಗೂ ಓಡಿಸಿಕೊಂಡು ಬರಬೇಕು. ಅಲ್ಲಿ ಕಾಯುತ್ತಿರುವ ಉಳಿದವರು ಸೇರಿ ಹೊಡೆಯಬೇಕು. ಊರಿನ ಹಂದಿ ಬೇಟೆಯ ಕತೆಗಳನ್ನು ಕೇಳಿ ಬೆಳೆದ ಅಜ್ಜನಿಗೆ ಇದನ್ನು ಒಮ್ಮೆ ತೋರಿಸಿದರೆ, ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂರುವುದರಲ್ಲಿ ಸಂಶಯವಿಲ್ಲ.

ಇನ್ನೊಂದು ವಿಷಯ ವಲಸೆ ಬಂದವರ ಮನಸ್ಸಿಗೆ ತಟ್ಟುವಂಥದ್ದು. ಈ ಆಟದಲ್ಲಿ ನೆಲದ ಚಿನ್ನ ಒಂದು ದಿನ ಮುಗಿದುಹೋಗುತ್ತದೆ. ಆಗ ಉಳಿಯುವ ದೊಡ್ಡ ದಾರಿ ವ್ಯಾಪಾರ. ತನ್ನ ಮಾರುಕಟ್ಟೆಯಿಂದ ಮಿತ್ರನ ಮಾರುಕಟ್ಟೆಗೆ ಗಾಡಿ ಕಳುಹಿಸಿದರೆ ಚಿನ್ನ ಬರುತ್ತದೆ. ಎರಡು ಮಾರುಕಟ್ಟೆಗಳ ನಡುವಿನ ದೂರ ಹೆಚ್ಚಿದಷ್ಟೂ ಪ್ರತಿ ಪ್ರಯಾಣದ ಲಾಭ ಹೆಚ್ಚು. ಆದರೆ ದೂರದ ಹಾದಿಯಲ್ಲಿ ಶತ್ರುವಿನ ಕಾಟವೂ ಹೆಚ್ಚು. ಊರು ಬಿಟ್ಟು ದೂರ ಬಂದು ಗಳಿಸಿದವರಿಗೆ ಈ ನಿಯಮದ ಎರಡೂ ಬದಿ ಚೆನ್ನಾಗಿ ಗೊತ್ತು.

ಸೋಲಿನಲ್ಲಿರುವ ಪಾಠ

ಯುದ್ಧ ಇಲ್ಲವೇ? ಇದೆ. ಆದರೆ ಅಲ್ಲಿ ಕೈಬಲಕ್ಕಿಂತ ಆಯ್ಕೆ ಮುಖ್ಯ. ಈಟಿ ಹಿಡಿದವನು ಕುದುರೆಯನ್ನು ತಡೆಯುತ್ತಾನೆ. ಬಿಲ್ಲುಗಾರ ಈಟಿಯವನನ್ನು ದೂರದಿಂದಲೇ ಮುಗಿಸುತ್ತಾನೆ. ಬಿಲ್ಲುಗಾರನಿಗೆ ಭರ್ಜಿ ಎಸೆಯುವವನು ಮದ್ದು. ಅವನ ಮೇಲೆ ಕುದುರೆ ನುಗ್ಗಿದರೆ ಅವನಿಗೆ ಉಳಿಗಾಲವಿಲ್ಲ. ಎಲ್ಲವನ್ನೂ ಸೋಲಿಸುವ ಒಂದು ದಳ ಎಂಬುದೇ ಇಲ್ಲ. ಎದುರಾಳಿ ಏನು ಮಾಡುತ್ತಿದ್ದಾನೆಂದು ತಿಳಿದು, ಅದಕ್ಕೆ ತಕ್ಕುದನ್ನು ಮೊದಲೇ ಸಿದ್ಧಪಡಿಸಿಕೊಂಡವನೇ ಗೆಲ್ಲುತ್ತಾನೆ. ಆದ್ದರಿಂದಲೇ ಆ ಒಬ್ಬ ಕುದುರೆ ಸವಾರನ ಬೇಹುಗಾರಿಕೆಗೆ ಅಷ್ಟು ಬೆಲೆ.

ಯಕ್ಷಗಾನದ ಚಕ್ರವ್ಯೂಹ ಪ್ರಸಂಗವನ್ನು ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ರಾತ್ರಿಯಿಡೀ ನೋಡಿದವರಿಗೆ ಇದರ ರುಚಿ ಗೊತ್ತು. ಅಭಿಮನ್ಯುವಿಗೆ ಶೌರ್ಯದ ಕೊರತೆಯಿರಲಿಲ್ಲ. ಒಳಗೆ ಹೋಗುವ ದಾರಿ ಗೊತ್ತಿತ್ತು, ಹೊರಬರುವ ದಾರಿ ಗೊತ್ತಿರಲಿಲ್ಲ. ತಂತ್ರದಾಟದಲ್ಲಿ ಹೊಸಬರು ಸೋಲುವುದೂ ಬಹುತೇಕ ಹೀಗೆಯೇ. ಸೇನೆಯನ್ನು ದೂರ ಕಳುಹಿಸಿ, ಹಿಂದಿನಿಂದ ಊರನ್ನು ಬರಿದಾಗಿಸಿಕೊಳ್ಳುತ್ತಾರೆ.

ಆದರೆ ಇಲ್ಲಿ ಸೋತ ಅಭಿಮನ್ಯು ಮತ್ತೆ ಆಡಬಹುದು. ಮುಗಿದ ಪಂದ್ಯವನ್ನು ಮೊದಲಿನಿಂದ ಮತ್ತೆ ನೋಡುವ ಸೌಲಭ್ಯವಿದೆ. ಯಾವ ನಿಮಿಷದಲ್ಲಿ ತಪ್ಪಿತು ಎಂದು ಕಂಡುಹಿಡಿಯಬಹುದು. ಗೆದ್ದವನು ಹೇಗೆ ಗೆದ್ದ ಎಂಬುದನ್ನು ಸೋತವನು ಅವನ ಕಣ್ಣಿನಿಂದಲೇ ನೋಡಿ ಕಲಿಯಬಹುದು. ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ಬಂದರೆ ಮುಖ ಮುಚ್ಚಿಕೊಳ್ಳುವ ಇಂದಿನ ಮಕ್ಕಳಿಗೆ, ಸೋಲೆಂದರೆ ಲೆಕ್ಕ ತಪ್ಪಿದ್ದು ಮಾತ್ರ, ಅದನ್ನು ಸರಿಪಡಿಸಬಹುದು ಎಂಬ ಅನುಭವ ಸಿಗುವುದು ಸಣ್ಣ ವಿಷಯವಲ್ಲ.

ಸರದಿ ಪ್ರಕಾರ ಆಡುವ ಇನ್ನೊಂದು ಬಗೆ

ತಂತ್ರದಾಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಏಜ್ ಆಫ್ ಎಂಪೈರ್ಸ್‌ನಲ್ಲಿ ಗಡಿಯಾರ ನಿಲ್ಲುವುದಿಲ್ಲ, ಎಲ್ಲರೂ ಏಕಕಾಲಕ್ಕೆ ಆಡುತ್ತಾರೆ. ಇನ್ನೊಂದು ಬಗೆ ಚದುರಂಗದಂತೆ ಸರದಿಯದ್ದು. ಅದರಲ್ಲಿ ಹೆಸರುವಾಸಿಯಾದದ್ದು ಸಿಡ್ ಮಯರ್ ಅವರ 'ಸಿವಿಲೈಸೇಶನ್'. 1991ರಲ್ಲಿ ಬಂದ ಈ ಆಟವನ್ನು ರೂಪಿಸುವಲ್ಲಿ ಅವರ ಜೊತೆಗಿದ್ದ ಬ್ರೂಸ್ ಶೆಲ್ಲಿ ಅವರೇ ಮುಂದೆ ಏಜ್ ಆಫ್ ಎಂಪೈರ್ಸ್ ತಂಡದಲ್ಲಿ ದುಡಿದರು. ಕ್ರಿಸ್ತಪೂರ್ವ 4000ದಲ್ಲಿ ಒಂದು ಪುಟ್ಟ ಊರಿನಿಂದ ಆರಂಭಿಸಿ ಅಂತರಿಕ್ಷ ನೌಕೆಯವರೆಗೂ ಒಂದು ನಾಗರಿಕತೆಯನ್ನು ಬೆಳೆಸುವುದು ಇದರ ಕ್ರಮ. ಯುದ್ಧವಿಲ್ಲದೆ ವಿಜ್ಞಾನದಿಂದಲೂ ಗೆಲ್ಲಬಹುದು.

ಈ ಆಟದಲ್ಲಿ ಭಾರತದ ನಾಯಕರಾಗಿ ಮಹಾತ್ಮಾ ಗಾಂಧಿಯವರಿದ್ದಾರೆ. ಮೊದಲ ಆವೃತ್ತಿಯಲ್ಲಿ ಲೆಕ್ಕದ ದೋಷದಿಂದಾಗಿ ಶಾಂತಮೂರ್ತಿ ಗಾಂಧೀಜಿ ಅಣುಬಾಂಬು ಹಾಕುತ್ತಿದ್ದರೆಂಬ ಕತೆ ವರ್ಷಗಟ್ಟಲೆ ಪ್ರಚಾರದಲ್ಲಿತ್ತು. ಅಂತಹ ದೋಷವೇ ಇರಲಿಲ್ಲವೆಂದು ಸಿಡ್ ಮಯರ್ 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಸ್ಪಷ್ಟಪಡಿಸಿದರು. ಆಟಗಾರರ ಲೋಕದಲ್ಲಿಯೂ ಪುರಾಣಗಳು ಹುಟ್ಟುತ್ತವೆ ಎನ್ನಲು ಇದೊಂದು ಸಾಕ್ಷಿ.

ಪರದೆಯಲ್ಲಿ ಕನ್ನಡದ 'ಉಕ್ಕು'

ಹೊರದೇಶದ ಆಟಗಳಲ್ಲಿ ನಮ್ಮವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಸಹಜ. ಏಜ್ ಆಫ್ ಎಂಪೈರ್ಸ್ ಎರಡನೇ ಭಾಗಕ್ಕೆ 2013ರಲ್ಲಿ 'ಇಂಡಿಯನ್ಸ್' ಎಂಬ ಒಂದೇ ಹೆಸರಿನಲ್ಲಿ ಇಡೀ ಭಾರತವನ್ನು ಸೇರಿಸಲಾಗಿತ್ತು. 2022ರ ಏಪ್ರಿಲಿನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಸೇರ್ಪಡೆ ಬಂದಾಗ ಅದನ್ನು ಬಿಡಿಸಿ ಹಿಂದುಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕಾಗಿ ಮಾಡಲಾಯಿತು. ರಾಜೇಂದ್ರ ಚೋಳನ ಕತೆಯನ್ನೂ ಆಡಬಹುದಾಯಿತು. ಆದರೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂಬ ಹೆಸರಿನ ಪ್ರತ್ಯೇಕ ಬಣಗಳು ಆ ಸೇರ್ಪಡೆಯಲ್ಲಿ ಬರಲಿಲ್ಲ. ದಕ್ಷಿಣವೆಲ್ಲ ದ್ರಾವಿಡ ಎಂಬ ಒಂದೇ ಹೆಸರಿನಡಿ ಅಡಗಿತು. ಕನ್ನಡಿಗ ಆಟಗಾರರಿಗೆ ಇದು ಸ್ವಲ್ಪ ಬೇಸರದ ಸಂಗತಿಯೇ.

ಆದರೂ ಅದೇ ಬಣದಲ್ಲಿ ಒಂದು ಸಂತೋಷದ ವಿಷಯವಿದೆ. ದ್ರಾವಿಡರಿಗೆ ಮಾತ್ರ ಸಿಗುವ ವಿಶೇಷ ವಿದ್ಯೆಯೊಂದರ ಹೆಸರು 'ವೂಟ್ಸ್ ಸ್ಟೀಲ್'. ಅದನ್ನು ಕಲಿತ ಮೇಲೆ ಕಾಲಾಳು ಮತ್ತು ಕುದುರೆ ಸವಾರರ ಕತ್ತಿಗೆ ಎದುರಾಳಿಯ ಕವಚ ಅಡ್ಡಿಯಾಗುವುದಿಲ್ಲ. ದಕ್ಷಿಣ ಭಾರತದಲ್ಲಿ ತಯಾರಾಗಿ ಪಶ್ಚಿಮ ಏಷ್ಯಾದವರೆಗೂ ಹೋಗುತ್ತಿದ್ದ, ಡಮಾಸ್ಕಸ್ ಕತ್ತಿಗಳೊಂದಿಗೆ ಹೆಸರು ತಳಕು ಹಾಕಿಕೊಂಡ ಉಕ್ಕು ಅದು. 'ವೂಟ್ಸ್' ಎಂಬ ಇಂಗ್ಲಿಷ್ ಪದದ ಹುಟ್ಟಿಗೆ ನಮ್ಮ 'ಉಕ್ಕು' ಎಂಬ ಪದವೇ ಮೂಲ, ಬರವಣಿಗೆಯಲ್ಲಿ ತಪ್ಪಿ ಅದು ಆ ರೂಪ ತಾಳಿತು ಎಂಬುದು ಇಂಗ್ಲಿಷ್ ನಿಘಂಟುಕಾರರ ಅಭಿಪ್ರಾಯ.

ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ಬೆಳೆಯುವ ಮೊಮ್ಮಗನಿಗೆ "ನೀನು ಆಡುವ ಆಟದಲ್ಲಿ ಇರುವುದು ನಮ್ಮ ಕನ್ನಡದ ಮಾತು ಮಗಾ" ಎಂದು ಅಜ್ಜ ಹೇಳಿದರೆ, ಹತ್ತು ಭಾಷಣಗಳಿಂದ ಆಗದ ಕೆಲಸ ಆ ಒಂದು ಮಾತಿನಿಂದ ಆದೀತು.

ಮಣೆಯ ಮೇಲಿನ ಪರಂಪರೆ

ತಂತ್ರದಾಟ ನಮ್ಮವರಿಗೆ ಹೊರಗಿನಿಂದ ಬಂದದ್ದಲ್ಲ. ಚದುರಂಗದ ಪೂರ್ವರೂಪ ಭಾರತದಲ್ಲಿಯೇ ಹುಟ್ಟಿತೆಂಬುದು ಲೋಕವೇ ಒಪ್ಪಿದ ಮಾತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮಣೆಯಾಟಗಳ ದೊಡ್ಡ ಪ್ರೇಮಿಯಾಗಿದ್ದು, ಹಲವು ಹೊಸ ಆಟಗಳನ್ನು ರೂಪಿಸಿದರು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಬಿಡದೆ, ಯಾವ ಮನೆಗೂ ಎರಡನೇ ಬಾರಿ ಕಾಲಿಡದೆ 64 ಮನೆಗಳಲ್ಲೂ ನಡೆಸುವ ಸಮಸ್ಯೆಯಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಆಡು-ಹುಲಿ ಆಟದಲ್ಲಿ ಬಲಶಾಲಿ ಹುಲಿಗಳನ್ನು ಬಲಹೀನ ಆಡುಗಳು ಒಗ್ಗಟ್ಟಿನಿಂದ ಕಟ್ಟಿಹಾಕುವುದನ್ನು ಹಳ್ಳಿಯ ಜಗಲಿಯ ಮೇಲೆ ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ.

ತುಳುನಾಡಿನ ಚೆನ್ನೆಮಣೆಯನ್ನಂತೂ ಮರೆಯುವಂತಿಲ್ಲ. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿಗಳು, ಸಾಮಾನ್ಯವಾಗಿ ಪ್ರತಿಯೊಂದರಲ್ಲಿ ನಾಲ್ಕು ಕಾಯಿಗಳು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂಬುದನ್ನು ಮನಸ್ಸಿನಲ್ಲೇ ಎಣಿಸಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ, ಹೊರಗೆ ಕೆಲಸವಿಲ್ಲದ ದಿನಗಳಲ್ಲಿ ಅಜ್ಜಿಯಂದಿರು ಆಡುತ್ತಿದ್ದ ಈ ಆಟದ ಲೆಕ್ಕಾಚಾರ, ಮೊಮ್ಮಗನ ಕಂಪ್ಯೂಟರಿನ ಲೆಕ್ಕಾಚಾರ ಎರಡೂ ಒಂದೇ ಬಳ್ಳಿಯ ಕಾಯಿಗಳು.

ಅದೇ ಚೆನ್ನೆಮಣೆಯ ಸುತ್ತ ಒಂದು ಎಚ್ಚರಿಕೆಯ ಕತೆಯೂ ಇದೆ. ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆ ಆಡುತ್ತಾ ಜಗಳಕ್ಕೆ ಬೀಳುತ್ತಾರೆ. ಆಟದ ಸಿಟ್ಟು ಮಣೆಯಿಂದಲೇ ಹೊಡೆಯುವಷ್ಟು ಏರಿ, ಕೊನೆಗೆ ಇಬ್ಬರೂ ಉಳಿಯುವುದಿಲ್ಲ. ಆಟ ಆಟವಾಗಿರಬೇಕು, ಅದು ತಲೆಗೇರಬಾರದು ಎಂದು ನಮ್ಮ ಹಿರಿಯರು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಹೇಳಿಟ್ಟಿದ್ದಾರೆ.

ಹಿರಿಯರಿಗೂ ಹಿತ

ಇಂತಹ ಆಟಗಳು ಎಳೆಯರಿಗೆ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಚಂದ್ರಮಲ್ಲಿಕಾ ಬಸಾಕ್ ಮತ್ತು ಸಂಗಡಿಗರು ನಡೆಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ 40 ಮಂದಿ ಹಿರಿಯ ನಾಗರಿಕರಿದ್ದರು. ಅರ್ಧದಷ್ಟು ಮಂದಿಗೆ 'ರೈಸ್ ಆಫ್ ನೇಶನ್ಸ್' ಎಂಬ ತಂತ್ರದಾಟವನ್ನು ಒಟ್ಟು ಇಪ್ಪತ್ತಮೂರೂವರೆ ಗಂಟೆ ಆಡಿಸಲಾಯಿತು. ಉಳಿದವರು ಆಡಲಿಲ್ಲ. ಆಡಿದವರಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಶಕ್ತಿ, ತಾತ್ಕಾಲಿಕ ನೆನಪಿನ ಶಕ್ತಿ ಮುಂತಾದವು ಹೆಚ್ಚು ಸುಧಾರಿಸಿದ್ದು ಕಂಡುಬಂತು. ಇದು ಸಣ್ಣ ಗುಂಪಿನ ಅಧ್ಯಯನ, ಮರೆವಿನ ಕಾಯಿಲೆಗೆ ಔಷಧಿಯೆಂದು ಯಾರೂ ಭಾವಿಸಬಾರದು. ಆದರೂ ನಿವೃತ್ತಿಯ ಬಳಿಕ ಹೊತ್ತು ಹೋಗದೆ ಟಿ.ವಿ. ಮುಂದೆ ತೂಕಡಿಸುವುದಕ್ಕಿಂತ, ಮೊಮ್ಮಗನ ಜೊತೆ ಕುಳಿತು ಒಂದು ಊರು ಕಟ್ಟುವುದು ಲೇಸು ಎನ್ನಲು ಅಡ್ಡಿಯಿಲ್ಲ.

ಕ್ರೀಡಾ ಕ್ಷೇತ್ರದಲ್ಲಿಯೂ ಇದಕ್ಕೆ ಮನ್ನಣೆ ದೊರೆತಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿದ್ದಾಗ, ಗುಜರಾತಿನ ತೀರ್ಥ್ ಮೆಹ್ತಾ 'ಹಾರ್ತ್‌ಸ್ಟೋನ್' ಎಂಬ ಇಸ್ಪೀಟು ಮಾದರಿಯ ತಂತ್ರದಾಟದಲ್ಲಿ ಕಂಚು ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ತಂಡ 'ಡೋಟಾ 2' ಆಟದಲ್ಲಿ ಕಂಚು ಪಡೆಯಿತು. ಅದೇ ವರ್ಷ ಏಜ್ ಆಫ್ ಎಂಪೈರ್ಸ್‌ನ ಒಂದು ದೊಡ್ಡ ಪಂದ್ಯಾಟ ಜರ್ಮನಿಯ ಹೈಡಲ್‌ಬರ್ಗ್ ಕೋಟೆಯಲ್ಲಿಯೇ ನಡೆಯಿತು. ಕೋಟೆ ಕಟ್ಟುವ ಆಟಕ್ಕೆ ನಿಜವಾದ ಕೋಟೆಯೇ ಅಂಗಳವಾಯಿತು.

ದ್ಯೂತವನ್ನು ದೂರವಿಡಿ

ಎಲ್ಲವೂ ಒಳ್ಳೆಯದೇ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪೋಷಕರು ಮುಖ್ಯವಾಗಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಹಣ ಪಣಕ್ಕಿಡುವ ಆಟ. ಧರ್ಮರಾಯ ರಾಜ್ಯ ಕಳೆದುಕೊಂಡದ್ದು ವ್ಯೂಹದಲ್ಲಲ್ಲ, ದ್ಯೂತದಲ್ಲಿ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯೂ ಈ ಎರಡನ್ನು ಬೇರ್ಪಡಿಸಿದೆ. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಅದು ನಿಷೇಧಿಸುತ್ತದೆ, ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಪ್ರತ್ಯೇಕ ಸ್ಥಾನ ನೀಡುತ್ತದೆ. ಮಗ ಆಡುತ್ತಿರುವುದು ಯಾವುದು ಎಂದು ತಿಳಿಯದೆ ಎರಡನ್ನೂ ಒಂದೇ ಕೋಲಿನಿಂದ ಹೊಡೆಯುವುದು ಸರಿಯಲ್ಲ.

ಎರಡನೆಯದು ಮೊಬೈಲಿನ ಕೆಲವು ತಂತ್ರದಾಟಗಳು. 2012ರಲ್ಲಿ ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ ತಂದ 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ಮಾದರಿಯ ಆಟಗಳನ್ನು ಉಚಿತವಾಗಿ ಆಡಬಹುದು. ಆದರೆ ಒಂದು ಗೋಪುರವನ್ನು ಮೇಲ್ದರ್ಜೆಗೇರಿಸಲು ಗಂಟೆ, ದಿನಗಟ್ಟಲೆ ಕಾಯಬೇಕಾಗುತ್ತದೆ. ಕಾಯಲಾರದವರಿಗೆ ಹಣ ತೆತ್ತು ಮುಂದೆ ಹೋಗುವ ದಾರಿಯನ್ನು ಅಲ್ಲಿಯೇ ಇಡಲಾಗಿದೆ. ಯೋಚಿಸಿ ಗೆಲ್ಲುವ ಆಟದಲ್ಲಿ ಕಿಸೆಯಿಂದ ಗೆಲ್ಲಲು ಹೊರಟರೆ ಸವಿಯೂ ಹೋಯಿತು, ಹಣವೂ ಹೋಯಿತು. ತಂದೆಯ ಕಾರ್ಡು ಮಗನ ಮೊಬೈಲಿಗೆ ಜೋಡಿಸಿರದಿರುವುದೇ ಕ್ಷೇಮ.

ಮೂರನೆಯದು ಸಮಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇದು 12 ತಿಂಗಳ ಕಾಲ ಮುಂದುವರಿದಾಗ ಮಾತ್ರ ವ್ಯಸನವೆಂದು ಗುರುತಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹವರಿಗಾಗಿಯೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿದೆ. ರವಿವಾರ ಎರಡು ಗಂಟೆ ಆಡುವ ಹುಡುಗ ವ್ಯಸನಿಯಲ್ಲ. ಊಟ, ನಿದ್ದೆ, ಗೆಳೆಯರು, ಶಾಲೆ ಎಲ್ಲವನ್ನೂ ಬಿಟ್ಟು ಆಟಕ್ಕೇ ಅಂಟಿಕೊಂಡವನಿಗೆ ಬೈಗುಳಕ್ಕಿಂತ ತಜ್ಞರ ಸಹಾಯ ಬೇಕು.

ಇಲ್ಲಿ ಒಂದು ವ್ಯಾವಹಾರಿಕ ಮಾತು. ಇತರರೊಂದಿಗೆ ಜೊತೆಯಾಗಿ ಆಡುವ ಪಂದ್ಯವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಎದ್ದುಹೋದರೆ ತನ್ನ ತಂಡದವರನ್ನು ಕೈಬಿಟ್ಟಂತಾಗುತ್ತದೆ. ಕ್ರಿಕೆಟ್ ಆಡುವಾಗ ಓವರಿನ ಮಧ್ಯೆ ಬೌಲರನ್ನು ಮನೆಗೆ ಕರೆದಂತೆ ಅದು. ಮನೆಯ ಅನೇಕ ಜಗಳಗಳು ಹುಟ್ಟುವುದು ಇಲ್ಲಿಯೇ. ಆದ್ದರಿಂದ "ಅರ್ಧ ಗಂಟೆ" ಎನ್ನುವ ಬದಲು "ಒಂದು ಪಂದ್ಯ" ಎಂದು ಮೊದಲೇ ಮಾತಾಡಿಕೊಳ್ಳುವುದು ಲೇಸು. ಸರದಿಯ ಆಟವಾದರೆ ಯಾವಾಗ ಬೇಕಾದರೂ ಉಳಿಸಿಟ್ಟು ಏಳಬಹುದು. ಆದರೆ ಅಲ್ಲಿ "ಇನ್ನೊಂದೇ ಸರದಿ" ಎನ್ನುತ್ತಾ ಮಧ್ಯರಾತ್ರಿಯಾಗುವ ಅಪಾಯ ಹೆಚ್ಚು. ಅಲ್ಲಿ ಗಡಿಯಾರವೇ ಯಜಮಾನನಾಗಬೇಕು.

ಸಂಘಗಳಿಗೊಂದು ಅವಕಾಶ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಕೇರಂ, ಚೆಸ್, ಹಗ್ಗಜಗ್ಗಾಟ ಇದ್ದೇ ಇರುತ್ತವೆ. ಯುವಜನರು ಮಾತ್ರ ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂಬ ಕೊರಗೂ ಇದ್ದೇ ಇದೆ. ಒಂದು ರವಿವಾರ ಸಂಘದ ಸಭಾಗೃಹದಲ್ಲಿ ಒಂದು ಬದಿಗೆ ಚೆನ್ನೆಮಣೆ, ಆಡು-ಹುಲಿ, ಚದುರಂಗ, ಇನ್ನೊಂದು ಬದಿಗೆ ನಾಲ್ಕು ಕಂಪ್ಯೂಟರುಗಳನ್ನು ಇಟ್ಟು, ಒಬ್ಬ ಹಿರಿಯರು ಒಬ್ಬ ಕಿರಿಯರಂತೆ ಜೋಡಿ ಮಾಡಿ ಆಡಿಸಿದರೆ ಹೇಗೆ? ಮಣೆಯ ಮುಂದೆ ಅಜ್ಜಿ ಗುರು, ಪರದೆಯ ಮುಂದೆ ಮೊಮ್ಮಗಳು ಗುರು. ಮಾತುಕತೆ ಕನ್ನಡದಲ್ಲಿಯೇ ಎಂಬುದೊಂದೇ ನಿಯಮ. ಇದಕ್ಕೆ ದೊಡ್ಡ ಖರ್ಚಿಲ್ಲ, ದೊಡ್ಡ ಅತಿಥಿಗಳೂ ಬೇಕಾಗಿಲ್ಲ.

ಏಕೆಂದರೆ ಮಹಾನಗರದ ಮನೆಗಳಲ್ಲಿ ಇಂದು ಕಡಿಮೆಯಾಗಿರುವುದು ಆಟವಲ್ಲ, ಜೊತೆ. ಲೋಕಲ್ ರೈಲಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವ ತಂದೆ ತಾಯಿ, ಟ್ಯೂಶನ್ನಿಗೆ ಓಡುವ ಮಕ್ಕಳು, ಕಿಟಕಿಯ ಬಳಿ ಕುಳಿತ ಹಿರಿಯರು. ಇವರೆಲ್ಲ ಒಂದೇ ವಿಷಯವನ್ನು ಕುರಿತು ಮಾತಾಡುವ ಸಂದರ್ಭಗಳು ಬಹಳ ಕಡಿಮೆ. ಆಡುವವನೊಬ್ಬನೇ ಕುಳಿತಾಗ ಆಟ ಅವನನ್ನು ಮನೆಯಿಂದ ದೂರ ಒಯ್ಯಬಹುದು. ಪಕ್ಕದಲ್ಲಿ ಇನ್ನೊಬ್ಬರು ಕುಳಿತು "ಅಲ್ಲಿ ಯಾಕೆ ಕಟ್ಟಿದೆ?" ಎಂದು ಕೇಳಿದರೆ ಅದೇ ಆಟ ಇಬ್ಬರನ್ನು ಹತ್ತಿರ ತರುತ್ತದೆ.

ಆ ರವಿವಾರದ ಮನೆಯಲ್ಲಿ ಅಜ್ಜ ಈಗ ಕುರ್ಚಿ ಎಳೆದುಕೊಂಡು ಕುಳಿತಿದ್ದಾರೆ. ದೋಸೆಯ ತಟ್ಟೆ ಕೈಯಲ್ಲೇ ಇದೆ.

"ಎಲ್ಲರನ್ನೂ ಚಿನ್ನಕ್ಕೆ ಕಳುಹಿಸಬೇಡ ಮಾರಾಯಾ. ಇಬ್ಬರು ಗದ್ದೆಯಲ್ಲಿರಲಿ. ನಾಳೆಗೆ ಅಕ್ಕಿ ಬೇಡವಾ?" ಎನ್ನುತ್ತಾರೆ.

ಹುಡುಗ ಇಬ್ಬರು ಹಳ್ಳಿಗರನ್ನು ಗಣಿಯಿಂದ ಗದ್ದೆಗೆ ತಿರುಗಿಸುತ್ತಾನೆ. "ಈ ಪಂದ್ಯ ಮುಗಿದ ಮೇಲೆ ನಿಲ್ಲಿಸ್ತೇನೆ ಅಜ್ಜ" ಎನ್ನುತ್ತಾನೆ.

"ಮುಗಿಸು, ಮುಗಿಸು. ಆಮೇಲೆ ನನಗೂ ಸ್ವಲ್ಪ ತೋರಿಸು" ಎನ್ನುತ್ತಾರೆ ಅಜ್ಜ.